ಊದಬಾರದ ತಿಂಗಳುಗಳು

ಜೂನ್ 19, ಬುಧವಾರ. ಬೆಳಿಗ್ಗೆ 5.40

ನನ್ನ ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ನನ್ನದಲ್ಲ. ಪ್ಲೇಟಿನದು. ನಾಲ್ಕು ವರ್ಷದಿಂದ ಬಚ್ಚಲಿನ ಬಾಗಿಲು ಹಾಕಿಕೊಂಡು ತೆಗೆದು, ತೊಳೆದು, ಮತ್ತೆ ಹಾಕುತ್ತಿದ್ದೇನೆ. ಅಮ್ಮನಿಗೆ ಗೊತ್ತು. ಬೈಂದೂರಿನ ದೊಡ್ಡಮ್ಮನಿಗೆ ಗೊತ್ತು. ಅಮ್ಮನ ಅಣ್ಣ, ಸುಧಾಕರ ಮಾವನಿಗೆ ಗೊತ್ತಿಲ್ಲ.

ಬರೆದಾಯಿತು. ಬರೆದರೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಕೊರೊನಾ ವರ್ಷ. ನನಗೆ ಹದಿನೇಳು. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟು ಮಾವನ ಹಿಂದೆ ಸ್ಯಾಕ್ಸೋಫೋನ್ ಹಿಡಿದು ಹೋದವನು, ಬೇರೆ ಯಾವ ಕೆಲಸವೂ ಗೊತ್ತಿರಲಿಲ್ಲ. ಬೈಂದೂರಿನಲ್ಲಿ ಯಾರದೋ ಸ್ಕೂಟರ್ ಓಡಿಸಿ ರಸ್ತೆಬದಿಯ ಕಲ್ಲುಕಟ್ಟೆಗೆ ಮುಖ ಕೊಟ್ಟೆ. ಹಲ್ಲು ನಾಲ್ಕೂ ಹೋಯಿತು. ಚಿಕನ್‌ಪಾಕ್ಸ್ ಆಗಿದೆ, ಬರಬೇಡಿ ಎಂದು ದೊಡ್ಡಮ್ಮ ಮಾವನಿಗೆ ಫೋನ್ ಮಾಡಿದಳು. ಸಿಡುಬಿನ ಅಮ್ಮ ಬಂದ ಮನೆಗೆ ವಾದ್ಯದವರು ಕಾಲಿಡುವುದಿಲ್ಲ. ಯಾರೂ ಬರಲಿಲ್ಲ. ಪ್ಲೇಟ್ ಹಾಕಿಸಿಕೊಂಡು, ಮೀಸೆ ಬಿಟ್ಟು, ತಿಂಗಳ ಮೇಲೆ ನಮ್ಮೂರು ಬಸ್ರೂರಿಗೆ ವಾಪಸಾದೆ.

ಮುಚ್ಚಿಟ್ಟದ್ದು ಯಾಕೆಂದರೆ ನಮ್ಮ ಮನೆತನದಲ್ಲಿ ಒಂದು ಕ್ರಮ ಇದೆ. ಊದುವವನ ಮುಂದಿನ ಹಲ್ಲು ಹೋದರೆ ವಾದ್ಯ ಕೆಳಗಿಡಬೇಕು. ಅಳಿಯನ ಕೈಗೆ ಕೊಡಬೇಕು. ಮಕ್ಕಳಿಗಲ್ಲ, ಅಕ್ಕತಂಗಿಯ ಮಗನಿಗೆ. ಮಾವನಿಗೆ ಅವರ ಮಾವನಿಂದ ಬಂತು. ಮಾವನಿಗೆ ಅಳಿಯ ಅಂತ ಇರುವವನು ನಾನೊಬ್ಬನೇ.

ಮಾವನ ಮೇಲಿನ ಹಲ್ಲೊಂದು ಈಗ ಅಲುಗುತ್ತಿದೆ. ಮೊನ್ನೆ ಎಲ್ಲರೆದುರು ನನ್ನ ಕಡೆ ಕೈ ತೋರಿಸಿ ಹೇಳಿದರು: "ತುಳಸಿ ಪೂಜೆವರೆಗೆ ನಾನ್. ಆಮೇಲೆ ರತನ."

ಮಾವನ ಆಲ್ಟೊ ಸ್ಯಾಕ್ಸೋಫೋನ್. ಮುಂಬಯಿಯಿಂದ ತಂದ ಹಳೆಯದು, ಬೆಳ್ಳಿ ಬಣ್ಣ. ಅದಕ್ಕಾಗಿ ಆರು ವರ್ಷ ಎರಡನೇ ಕುರ್ಚಿಯಲ್ಲಿ ಕೂತಿದ್ದೇನೆ. ಆದರೆ ಕಳೆದ ತಿಂಗಳು ಕೋಟದ ಗೃಹಪ್ರವೇಶದಲ್ಲಿ ಪ್ಲೇಟ್ ಜಾರಿ ಮೌತ್‌ಪೀಸಿಗೆ ಬಡಿಯಿತು. ಪೀಂ ಎಂದು ಕಿರುಚಿತು. ಮಾವ ಊದುತ್ತಲೇ ಕಣ್ಣು ಬಿಟ್ಟು ನೋಡಿದರು. ಇನ್ನು ತುಂಬ ದಿನ ನಡೆಯುವುದಿಲ್ಲ.

ಅಂಗಳದ ಆಚೆ ಶುರುವಾಯಿತು. ಮೋಕ್ಷಿತಾ. ಮಾವನ ಮಗಳು, ಸೆಕೆಂಡ್ ಪಿಯುಸಿ. ಎರವಲು ತಂದ ಸ್ಯಾಕ್ಸೋಫೋನಿನಲ್ಲಿ, ಮನೆಯಲ್ಲಿ ಸುಮ್ಮನೆ ಕಲಿಯುವುದು ಅಂತೆ. ದಿನಾ ಐದೂವರೆಗೆ. ಅವಳ ಸ್ವರದಲ್ಲಿ ಗಾಳಿ ಸೋರುವುದಿಲ್ಲ. ಒಂದು ದಿನವೂ ಸೋರಿದ್ದು ಕೇಳಿಲ್ಲ.

ಜೂನ್ 24

ಕುಂದಾಪುರ. ಹಲ್ಲಿನ ಡಾಕ್ಟರು ಸ್ನೇಹಲತಾ ಮೇಡಂ. ಪ್ಲೇಟ್ ಬದಲು ಅಲುಗದ ಹಲ್ಲು ಕೂರಿಸಿಕೊಳ್ಳಲು ಹೋದದ್ದು. ಗದ್ದವನ್ನು ಒಂದು ಸ್ಟ್ಯಾಂಡಿನ ಮೇಲೆ ಇಡಿಸಿದರು, ಯಂತ್ರ ತಲೆಯ ಸುತ್ತ ತಿರುಗಿತು. ಕಂಪ್ಯೂಟರಿನಲ್ಲಿ ನನ್ನ ದವಡೆ. ಎರಡೂ ಬದಿ ದಪ್ಪ ಎಲುಬು. ನಡುವೆ ಮಳೆಗೆ ಕುಸಿದ ಗದ್ದೆಯಂಚಿನ ಹಾಗೆ ಒಳಗೆ ಹೋಗಿದೆ.

"ಸ್ಕ್ರೂ ಕೂರ್ಲಿಕ್ಕೆ ಜಾಗವೇ ಇಲ್ಲ. ಕೆಲಸ ಎಂತ ಮಾಡ್ತೀರಿ?"

"ಸ್ಯಾಕ್ಸೋಫೋನ್."

ಬರೆಯುತ್ತಿದ್ದ ಪೆನ್ನು ನಿಂತಿತು. "ಈ ಪ್ಲೇಟ್ ಹಾಕಿಕೊಂಡಾ? ಎಷ್ಟು ಹೊತ್ತು?"

"ಸೀಸನ್ನಲ್ಲಿ ದಿನಕ್ಕೆ ಐದಾರು ಗಂಟೆ. ನಾಲ್ಕು ವರ್ಷ."

"ಮತ್ತೆ ಎಲುಬು ಎಲ್ಲಿಂದ ಉಳೀತದೆ! ಪ್ಲೇಟ್ ಒತ್ತಿ ಒತ್ತಿ ಸವೆದು ಹೋಗಿದೆ."

ಅಂದರೆ ಊದಿ ಊದಿ ನಾನೇ ನನ್ನ ಎಲುಬನ್ನು ತೇದದ್ದು.

ಮೇಡಂ ಹೇಳಿದ್ದು: ಕೆಳದವಡೆಯ ಹಿಂದೆ, ಬಲಗಡೆಯಿಂದ, ಒಂದು ತುಂಡು ಎಲುಬು ತೆಗೆದು ಮುಂದೆ ಕೂರಿಸಿ ಸಣ್ಣ ಸ್ಕ್ರೂ ಹಾಕುವುದು. ಶನಿವಾರ ಬರುವ ಸರ್ಜನ್ ಮಾಡುತ್ತಾರೆ. ಎಲುಬು ಕಚ್ಚಿಕೊಳ್ಳಲು ಐದು ತಿಂಗಳು. ಆಮೇಲೆ ಹಲ್ಲಿನ ಬೇರು. ಅದು ಕೂರಲು ಮತ್ತೆ ನಾಲ್ಕು. ಅಷ್ಟರವರೆಗೆ ಆ ಜಾಗಕ್ಕೆ ಪ್ಲೇಟೂ ತಾಗಬಾರದು. ಮೌತ್‌ಪೀಸಂತೂ ಕೇಳಲೇಬಾರದು.

ಆಸಾಡಿಯಲ್ಲಿ ಮದುವೆಗಳಿಲ್ಲ, ಆಗ ಆಪರೇಷನ್ ಮಾಡಿಸಿಕೊಂಡರೆ ತುಳಸಿ ಪೂಜೆಗೆ ಹೊಸ ಹಲ್ಲಿನಲ್ಲಿ ಕೂರಬಹುದು ಎಂದು ಲೆಕ್ಕ ಹಾಕಿ ಹೋದವನು ನಾನು. ಬಸ್ಸಿನಲ್ಲಿ ಬೆರಳು ಮಡಚಿ ಮಡಚಿ ನೋಡಿದೆ. ಮುಂದಿನ ಏಪ್ರಿಲ್.

ಜೂನ್ 29

ಮಾವನಿಗೆ ಹೇಳಿದೆ. ಅರ್ಧ ಹೇಳಿದೆ. ದವಡೆಯ ಎಲುಬು ಸವೆದಿದೆ, ಆಪರೇಷನ್ ಆಗಬೇಕು, ತಿಂಗಳುಗಟ್ಟಲೆ ಊದುವಂತಿಲ್ಲ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಹಲ್ಲಿನ ಮಾತು ಎತ್ತಲಿಲ್ಲ.

ಮಾವ ಮೌತ್‌ಪೀಸಿಗೆ ಕಟ್ಟುವ ತೆಳು ರೀಡುಗಳ ಪೆಟ್ಟಿಗೆ ಮುಚ್ಚಿದರು. "ಎಲುಬ್ ಸವೆಯುದಾ? ಈ ಪ್ರಾಯ್ದಲ್ಲ್?"

"ಹ್ಞೂಂ."

"ಅದಕ್ಕೇ ನಿನ್ ಸ್ವರ್ದಲ್ ಗಾಳಿ. ನಾನ್ ರೀಡಿಂದ್ ಅಂದೇಳಿ ತಿಳ್ಕಂಡಿದ್ದೆ." ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರು. "ಆಯ್ಲಿ. ಆಸಾಡಿ ಹೆಂಗೂ ಖಾಲಿ. ಸೋಣಿ ತಿಂಗ್ಳಿಂದ್ ನಿನ್ ಜಾಗ್ದಲ್ಲ್ ಮೋಕ್ಷಿ ಕೂತ್ಕಂಬುದ್." ಸೋಣಿಗೆ, ಆಗಸ್ಟ್ ನಡುವಿಗೆ, ಇನ್ನು ಏಳೇ ವಾರ.

ಅವಳು ಬಾಗಿಲ ಹತ್ತಿರವೇ ಇದ್ದಳು. ನಕ್ಕಳು. ಹಲ್ಲು ಕಂಡಿತು. ಮೇಲಿನ ಎರಡು ನಡುಹಲ್ಲು ಸ್ವಲ್ಪ ಉದ್ದ, ಅಂಚು ನೇರ. ಎಲ್ಲ ಅವಳದೇ.

ಹೊಟ್ಟೆ ಉರಿಯಿತು. ಇಲ್ಲಿ ಬೇರೆ ಶಬ್ದ ಹುಡುಕುವುದಿಲ್ಲ.

ಜುಲೈ 12

ನಾಳೆ ಆಪರೇಷನ್. ಮೀಸೆ ತೆಗೆಯಬೇಕು ಎಂದರು, ತೆಗೆದೆ. ತುಟಿಯ ಮೇಲಿನ ಕಲೆ ಕಂಡಿತು. ಅಮ್ಮ ನೋಡಿ, "ಅಬಾ, ಹದಿನೇಳ್ ವರ್ಷದ್ ಮೋರಿ ಬಂತಲೆ," ಎಂದಳು. ಕಹಿ ಔಷಧದಲ್ಲಿ ದಿನಕ್ಕೆ ಎರಡು ಸಲ ಬಾಯಿ ಮುಕ್ಕಳಿಸುವುದು ಮೊನ್ನೆಯಿಂದ. ನಾಲಿಗೆಗೆ ಏನೂ ರುಚಿ ಹತ್ತುವುದಿಲ್ಲ. ಅಮ್ಮ ಬಂಗುಡೆ ಮೀನು ಮಾಡಿದಳು, ಇನ್ನು ಎಷ್ಟು ದಿನವೋ ಎಂದು. ಕಾಗದ ತಿಂದ ಹಾಗಾಯಿತು.

ಸಂಜೆ ನನ್ನ ಚೈನಾ ಸ್ಯಾಕ್ಸೋಫೋನ್ ಬಿಚ್ಚಿ ಒರೆಸಿದೆ. ನಾಳೆಯಿಂದ ಇದನ್ನು ಮೋಕ್ಷಿತಾ ಊದುತ್ತಾಳೆ. ಮೌತ್‌ಪೀಸ್ ಮಾತ್ರ ತೆಗೆದು ನನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ಅದು ಕೊಡುವುದಿಲ್ಲ. ಬೇಕಾದರೆ ಬೇರೆ ತರಿಸಿಕೊಳ್ಳಲಿ.

ಜುಲೈ 14, ಭಾನುವಾರ

ಪೆನ್ನಿನಲ್ಲಿ ಮಾತ್ರ ಮಾತು.

ನಿನ್ನೆ ನಮ್ಮ ತಂಡದ ಡೋಲಿನ ಚಂದ್ರಣ್ಣ ಜೊತೆಗೆ ಬಂದ. ಹೊರಗೆ ಕುರ್ಚಿಯಲ್ಲಿ ಕೂತು, "ನಾಲ್ಕ್ ಜನ್ರ ಊಟ ಒಬ್ನೇ ಉಂಬ್ವ ಬಾಯಿ ಇದ್, ಡಾಕ್ಟ್ರೇ. ಹುಷಾರಿ," ಎಂದು ಮೇಡಂಗೆ ಹೇಳಿದ.

ಮರಗಟ್ಟಲು ಸೂಜಿ ಐದೋ ಆರೋ. ನೋವಿಲ್ಲ, ಆದರೆ ಎಲ್ಲ ಕೇಳುತ್ತದೆ. ಹಿಂದಿನ ಎಲುಬು ಕೊರೆಯುವ ಯಂತ್ರ ಮೇಲಿನ ಸಾ ಹಿಡಿಯಿತು. ಗಟ್ಟಿ ಎಲುಬಿಗೆ ತಾಗಿದಾಗ ಅರ್ಧ ಸ್ವರ ಇಳಿಯಿತು. ತಲೆಯ ಒಳಗಿಂದಲೇ ಕೇಳುವ ಸ್ವರ. ಆಮೇಲೆ ಟಕ್. ತುಂಡು ಬಿಟ್ಟುಬಂತು. ಸರ್ಜನ್ ಅದನ್ನು ಬಟ್ಟಲಲ್ಲಿ ಇಟ್ಟು ತೋರಿಸಿದರು. ಹಲಸಿನ ಬೀಜದ ಅರ್ಧದಷ್ಟು, ಕೆಂಪು ಮೆತ್ತಿದ್ದು.

ಮೇಡಂ ಪಟ್ಟಿ ಕೊಟ್ಟಿದ್ದಾರೆ. ಉಗುಳಬಾರದು, ಬಾಯಿಂದ ಹಾಗೇ ಬಿಡಬೇಕು. ಸ್ಟ್ರಾ ಹಾಕಿ ಕುಡಿಯಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಎರಡು ದಿಂಬು ಹಾಕಿ ಮಲಗಬೇಕು. ಬಿಸಿ ಬೇಡ. ಊದಬಾರದು — ಇದಕ್ಕೆ ಮಾತ್ರ ಅಡಿಗೆರೆ, ಎರಡು ಸಲ.

ಜುಲೈ 16

ಮುಖ ಸೋರೆಕಾಯಿ. ಬಲಗಣ್ಣು ಅರ್ಧ ಮುಚ್ಚಿದೆ. ಗಂಜಿ ತಿಳಿ, ಐಸು, ಮಾತ್ರೆ, ಗಂಜಿ ತಿಳಿ.

ಮಧ್ಯಾಹ್ನ ಮೋಕ್ಷಿತಾ ರಾಗಿಯ ಮೆತ್ತನೆ ಸಿಹಿ, ಮಣ್ಣಿ, ತಂದಳು. ನಾನು ಟವೆಲ್ ಮುಚ್ಚಿಕೊಳ್ಳುವಷ್ಟರಲ್ಲಿ ಒಳಗೆ ಬಂದಾಗಿತ್ತು. ನೋಡಿದಳು. ನಾಲ್ಕೂ ಇಲ್ಲದ್ದನ್ನು. ತಟ್ಟೆ ಕೆಳಗಿಟ್ಟಳು. ಬಾಗಿಲ ಕಡೆ ತಿರುಗಿದಳು.

ಹೊಸ್ತಿಲಲ್ಲಿ ನಿಂತು, "ಬಾವ, ಹಂಸಧ್ವನಿ ರಾಗ್ದಲ್ಲ್ ನೀವ್ ಮೇಲಿಂದ್ ಕೆಳಗೆ ಜಾರ್ತ್ರಲೆ, ಒಂದೇ ಉಸ್ರಲ್ಲ್, ಅದ್ ಹೆಂಗ್? ನಂಗೆ ನಡುವಲ್ ಉಸ್ರ್ ಕಡಿತ್ತ್," ಎಂದಳು.

ಬಾಯಿ ತೋರಿಸಿ ಮಾತಾಡಲು ಬರುವುದಿಲ್ಲ ಎಂದು ಕೈಯಾಡಿಸಿದೆ. ಬರೆದು ಹೇಳಬಹುದಿತ್ತು. ಪೆನ್ನು ಕೈಯಲ್ಲೇ ಇತ್ತು.

ಅವಳು ಅಪ್ಪನಿಗೆ ಹೇಳಿದರೆ ನನ್ನ ಕತೆ ಮುಗಿಯಿತು.

ಜುಲೈ 27

ಹೊಲಿಗೆ ತೆಗೆದರು. ಚೆನ್ನಾಗಿದೆ ಎಂದರು. ಬಲಗೆನ್ನೆಯ ಒಳಗೆ ಇನ್ನೂ ಜೋಮು. ಹನ್ನೊಂದು ದಿನವಾಯಿತು, ಮೋಕ್ಷಿತಾ ಹೇಳಿಲ್ಲ. ಅದಕ್ಕೂ ಸಿಟ್ಟು ಬರುತ್ತದೆ. ಹೇಳಿದ್ದರೆ ಅವಳನ್ನು ಬಯ್ಯಬಹುದಿತ್ತು.

ಮಾಸ್ಕ್ ಹಾಕಿಕೊಂಡು ಅಂಗಡಿಗೆ ಹೋದೆ. "ಹ್ವಾಯ್, ಕೊರೊನಾ ಮುಗ್ದ್ ಎಷ್ಟ್ ವರ್ಷ ಆಯ್ತ್ ಮಾರಾಯಾ!" ಎಂದರು. ನಗಲಿಕ್ಕೂ ಆಗದು.

ಆಗಸ್ಟ್ 18, ಭಾನುವಾರ. ಮಧ್ಯಾಹ್ನ 3.00

ಕೋಟದಲ್ಲಿ ಒಂದು ಮನೆಯ ಪೂಜೆ. ನಾನು ತಾಳ ಹಿಡಿಯಲು ಹೋದದ್ದು. ಮಾಸ್ಕ್ ಹಾಕಿದ ತಾಳದವನು.

ನನ್ನ ಕುರ್ಚಿಯಲ್ಲಿ ಅವಳು. ನನ್ನ ಸ್ಯಾಕ್ಸೋಫೋನ್. ಹಸಿರು ಚೂಡಿದಾರ. ಮೊದಲ ಹತ್ತು ನಿಮಿಷ ಹೆದರಿದಳು, ಬೆರಳು ಗಟ್ಟಿ. ನನಗೆ ಖುಷಿಯಾಯಿತು. ಎರಡನೇ ಹಾಡಿಗೆ ಬೆರಳು ಸಡಿಲ ಬಿಟ್ಟಳು. ಮಾವ ಒಂದು ಸಾಲು ಊದಿ ನಿಲ್ಲಿಸಿದರು, ಅವಳು ಅದನ್ನೇ ತಿರುಗಿಸಿ ಕೊಟ್ಟಳು. ಮಾವ ಕಣ್ಣು ಮುಚ್ಚಿ ತಲೆಯಾಡಿಸಿದರು. ನನಗೆ ಆರು ವರ್ಷದಲ್ಲಿ ಒಂದು ಸಲವೂ ಕಣ್ಣು ಮುಚ್ಚಿದ್ದಿಲ್ಲ.

ಒಂದು ಕಡೆ ತಪ್ಪು ಜಾಗದಲ್ಲಿ ಉಸಿರೆಳೆದಳು. ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಊಟ ಮುಗಿಯುವವರೆಗೂ ಅದನ್ನೇ ನೆನೆದು ಸುಖಪಟ್ಟೆ.

ಅವಳ ಬಾಯಿಯನ್ನೇ ನೋಡುತ್ತಿದ್ದೆ. ಮೌತ್‌ಪೀಸಿನ ಮೇಲೆ ಹಲ್ಲು ಹೇಗೆ ಕೂರುತ್ತದೆ, ಹೇಗೆ ಒಂದಿಷ್ಟೂ ಅಲುಗುವುದಿಲ್ಲ ಎಂದು.

ನಾನು ಪಥ್ಯ ಎಂದು ಊಟಕ್ಕೆ ಕೂರಲಿಲ್ಲ. ಚಂದ್ರಣ್ಣ ಎಲೆಯ ಮುಂದೆ ಕೂತವನೇ ಶುರು ಮಾಡಿದ. "ಮಾವನ್ ಮಗ್ಳ್ ಮೋರಿ ಹಾಂಗ್ ಕಂಡ್ರೆ ತಾಳ ಎಲ್ಲಿ ನಿಲ್ಲತ್ ಮಗಾ? ಎರಡ್ ಸಲ ತಪ್ಸ್ದೆ ಇವತ್ತ್."

ಮನೆಯ ಯಜಮಾನರೂ ಸೇರಿಕೊಂಡರು. "ಒಂದ್ ಮದಿ ಮಾಡಿ ಬಿಡಿ ಸುಧಾಕರಣ್ಣ. ಮಗ್ಳೂ ಅಲ್ಲೇ, ಅಳಿಯನೂ ಅಲ್ಲೇ. ವಾದ್ಯ ಮನಿಯಂಗೇ ಉಳಿತ್."

ಮದುವೆಯ ಮಾತಿಗೆ ಎಲ್ಲರೂ ನಕ್ಕರು. ಮೋಕ್ಷಿತಾ ಪಾಯಸ ಬಡಿಸಿಕೊಳ್ಳುತ್ತಾ, "ಬಾವ ಕಾಂಬುದ್ ನನ್ ಮೋರಿ ಅಲ್ಲ," ಎಂದಳು.

"ಮತ್ತೆಂತ?"

"ಎಂತದೂ ಇಲ್ಲ. ಚಂದ್ರಣ್ಣ, ನಿಮ್ ಎಲಿಗೆ ಇನ್ನೊಂದ್ ಸೌಟ್ ಹಾಕಾ?"

ಅವಳಿಗೆ ಗೊತ್ತು.

ಆಗಸ್ಟ್ 31, ಶನಿವಾರ

ನಾಲ್ಕು ದಿನದ್ದು ಒಟ್ಟಿಗೆ ಬರೆಯುತ್ತೇನೆ. ಸರಿಯಾಗಿ ಬರೆಯಬೇಕು.

ಚೌತಿಗೆ ಬ್ರಹ್ಮಾವರದಲ್ಲಿ ದೊಡ್ಡ ಕಾರ್ಯಕ್ರಮ. ಹಂಸಧ್ವನಿ ಮೋಕ್ಷಿತಾಳೇ ಎತ್ತುವುದು ಎಂದು ಮಾವ ಹೇಳಿದ್ದಾರೆ. ಬುಧವಾರ ಬೆಳಿಗ್ಗೆ ಆ ಜಾರುವ ಸಾಲನ್ನು ಹನ್ನೆರಡು ಸಲ ಊದಿದಳು. ಹನ್ನೆರಡೂ ಸಲ ನಡುವೆ ಕಡಿಯಿತು. ಎಣಿಸುತ್ತಾ ಮಲಗಿದ್ದೆ. ಆ ಸಾಲು ನನ್ನದು. ಮಾವನೂ ಹಾಗೆ ಊದುವುದಿಲ್ಲ.

ಪ್ಲೇಟ್ ಹಾಕಿಕೊಂಡೆ. ಆರು ವಾರದ ಮೇಲೆ. ಒಸಡಿನ ಆಕಾರ ಬದಲಾಗಿದೆ, ಕೂರಲಿಲ್ಲ, ಹೆಬ್ಬೆರಳಲ್ಲಿ ಒತ್ತಿ ಕೂರಿಸಿದೆ. ನನ್ನ ಮೌತ್‌ಪೀಸ್ ತೆಗೆದುಕೊಂಡು ಅಂಗಳ ದಾಟಿದೆ. ಮಾವ ಹಾಲು ತರಲು ಹೋಗಿದ್ದರು.

"ಕೊಡ್ ಇಲ್ಲಿ," ಎಂದೆ.

"ಬಾವ, ಊದೂಕಾಗ ಅಂದಿರಲೆ?"

"ಕೊಡ್."

ಊದಿದೆ. ಮೇಲಿನ ರಿಯಿಂದ ಕೆಳಗಿನ ನಿಯವರೆಗೆ, ಒಂದೇ ಉಸಿರು. ಒತ್ತಿದಾಗ ಮುಂದೆ ನೋವಾಯಿತು. ಗಾಳಿಯೂ ಸೋರಿತು. ಆದರೆ ಬಂತು. ಅವಳ ಮುಖ ನೋಡಬೇಕಿತ್ತು. ಅದಕ್ಕೇ ಊದಿದ್ದು. ಕಲಿಸಲು ಹೋದದ್ದಲ್ಲ. ನೀನು ಯಾರ ಕುರ್ಚಿಯಲ್ಲಿ ಕೂತಿದ್ದೀಯ ನೋಡು ಎಂದು ಹೋದದ್ದು.

"ಇನ್ನೊಂದ್ ಸಲ," ಎಂದಳು.

ಊದಿದೆ. ಗುರುವಾರವೂ ಹೋದೆ. ಶುಕ್ರವಾರವೂ. ಉಸಿರು ಹೊಟ್ಟೆಯಿಂದ ಹೇಗೆ ಹಿಡಿಯುವುದು, ಕೆನ್ನೆ ಎಲ್ಲಿ ಬಿಗಿ ಮಾಡುವುದು, ಅವಳು ಒಂದೊಂದೇ ಕೇಳಿದಳು. ಹೇಳಿದೆ. ದೊಡ್ಡವನ ಹಾಗೆ ಹೇಳಿದೆ.

ಇವತ್ತು ಬೆಳಿಗ್ಗೆ ಅವಳು ಊದಿದಳು. ಕಡಿಯಲಿಲ್ಲ. ಜಾರಿತು, ಎಣ್ಣೆ ಹಚ್ಚಿದ ಹಾಗೆ. ನಾನು ಊದುವುದಕ್ಕಿಂತ ಚೆನ್ನಾಗಿತ್ತು.

ನನ್ನಲ್ಲಿ ಇದ್ದ ಒಂದೇ ಒಂದನ್ನು ನಾನೇ ಹೋಗಿ ಅವಳಿಗೆ ಕೊಟ್ಟು ಬಂದೆ. ಹೊಟ್ಟೆಕಿಚ್ಚಿನಲ್ಲಿ.

ಸೆಪ್ಟೆಂಬರ್ 7

ಚೌತಿ. ಬ್ರಹ್ಮಾವರ. ಅವಳು ಆ ಸಾಲು ಊದಿದಾಗ ಜನ ಚಪ್ಪಾಳೆ ತಟ್ಟಿದರು, ಪೂಜೆಯ ನಡುವೆಯೇ. ನನ್ನ ಬಾಯಲ್ಲಿ ಕಬ್ಬಿಣದ ರುಚಿ. ಮಾಸ್ಕ್ ಸರಿಸಿ ಕರವಸ್ತ್ರ ಒತ್ತಿದೆ. ಕೆಂಪು, ಅದರೊಳಗೆ ಬಿಳಿ ಕಣ. ಮರಳಿನಷ್ಟು.

ತಾಳ ನಿಲ್ಲಿಸಲಿಲ್ಲ.

ಸೆಪ್ಟೆಂಬರ್ 14

ಸರ್ಜನ್ ಕನ್ನಡಿ ಹಾಕಿ ನೋಡಿದರು. ಒಸಡು ಬಿಚ್ಚಿದೆ, ಎಲುಬಿನ ತುಂಡು ಅಲುಗುತ್ತಿದೆ. ತೆಗೆಯಬೇಕು. ಹತ್ತು ನಿಮಿಷದಲ್ಲಿ ತೆಗೆದರು. ಕೂರಿಸಲು ಎರಡು ಗಂಟೆ ಹಿಡಿದಿತ್ತು.

ಸ್ನೇಹಲತಾ ಮೇಡಂ ಕೇಳಿದರು. "ಪ್ಲೇಟ್ ಹಾಕಿದ್ರಾ?"

"ಹಾಕಿದೆ."

"ಊದಿದ್ರಾ?"

"ಊದಿದೆ. ಮೂರು ದಿನ. ದಿನಕ್ಕೆ ಅರ್ಧ ಗಂಟೆ."

"ಯಾಕೆ?"

"ಹೊಟ್ಟೆಕಿಚ್ಚು ಮೇಡಂ."

ಬಯ್ಯಲು ತೆರೆದ ಬಾಯಿ ಹಾಗೇ ನಿಂತಿತು. ಕೈಗವಸು ಕಳಚುತ್ತಾ, "ಎರಡು ತಿಂಗಳು ಗಾಯ ಮಾಗಲಿ. ಎಡಗಡೆಯಿಂದ ಇನ್ನೊಂದು ಸಲ ತೆಗೀಬಹುದು. ಅದೂ ಹೋದ್ರೆ ಮೂರನೇದು ನಾನು ಮಾಡ್ಸುದಿಲ್ಲ. ಮೂರನೇ ಬದಿ ಇಲ್ಲ ನಿಮ್ಮ ದವಡೆಗೆ," ಎಂದರು.

ಸೆಪ್ಟೆಂಬರ್ 18, ಸಂಜೆ

ಮಾವನಿಗೆ ಎಲ್ಲ ಹೇಳಿದೆ. ಮಾಸ್ಕ್ ತೆಗೆದು ಬಾಯಿ ತೋರಿಸಿಯೇ ಹೇಳಿದೆ. ಸ್ಕೂಟರ್, ಕಲ್ಲುಕಟ್ಟೆ, ಚಿಕನ್‌ಪಾಕ್ಸ್, ಪ್ಲೇಟ್. ಮೂರು ದಿನ ಊದಿದ್ದು. ಯಾಕೆ ಊದಿದ್ದು ಎಂಬುದೂ.

ಅಮ್ಮ ಹೊಸ್ತಿಲ ಹತ್ತಿರ ಸೆರಗು ಹಿಡಿದು ನಿಂತಿದ್ದಳು. ಮಾವ ಮೊದಲು ಅವಳನ್ನು ನೋಡಿದರು. "ಜಲಜ, ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತ್ ಅಣ್ಣಯ್ಯ."

ಹಲ್ಲು ಹೋದದ್ದಕ್ಕೆ ಬಯ್ಯುತ್ತಾರೆ, ವಾದ್ಯದ ಮಾತು ಎತ್ತುತ್ತಾರೆ ಎಂದುಕೊಂಡಿದ್ದೆ. ಮಾವ ರೀಡಿನ ಪೆಟ್ಟಿಗೆ ತಂದು ನನ್ನ ಮುಂದೆ ಸುರಿದರು. ಎರಡು ನಂಬರಿನ ರೀಡು, ಎರಡೂವರೆ, ಮೂರು, ಕೆರೆದದ್ದು, ಕೆರೆಯದ್ದು.

"ನಾಲ್ಕ್ ವರ್ಷ ನಿನ್ ಗಾಳಿ ನಿಲ್ಸುಕೆ ರೀಡ್ ಬದ್ಲ್ ಮಾಡ್ದೆ ನಾನ್. ರಾತ್ರಿ ಕೂಕಂಡ್ ಕೆರ್ದೆ. ನಂಗೆ ಕಲ್ಸುಕೆ ಬತ್ತಿಲ್ಲೆ ಅಂದೇಳಿ ತಿಳ್ಕಂಡೆ. ಒಂದ್ ಮಾತ್ ಹೇಳುಕ್ ಆಯ್ಲಿಲ್ಯಾ ನಿಂಗೆ?"

ಬಿದ್ದ ರೀಡುಗಳನ್ನು ಆರಿಸಿ ಪೆಟ್ಟಿಗೆಗೆ ಹಾಕತೊಡಗಿದೆ.

"ವಾದ್ಯ ನಿಂದೇ," ಎಂದರು ಎದ್ದು ಹೋಗುವಾಗ. "ಅಳಿಯ ಅಂದ್ರೆ ನೀನೇ. ಕ್ರಮ ತಪ್ಸುಕ್ ನಂಗ್ ಆತಿಲ್ಲೆ. ತುಳಸಿ ಪೂಜೆ ದಿವ್ಸ ಕೊಡ್ತೆ. ಊದುದೋ ಪೆಟ್ಗಿಯಂಗ್ ಇಡುದೋ ನಿನ್ ಮರ್ಜಿ."

ನವೆಂಬರ್ 13, ಬುಧವಾರ. ತುಳಸಿ ಪೂಜೆ

ತುಂಬ ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ದಿನಾ ಐದೂವರೆಗೆ ಅವಳು ಊದಿದಳು, ನಾನು ಕೇಳಿದೆ.

ಇವತ್ತು ಮಾವ ತುಳಸಿಕಟ್ಟೆಯ ಮುಂದೆ ಕೊನೆಯ ಸಲ ಊದಿ, ಆಲ್ಟೊ ಒರೆಸಿ, ಪೆಟ್ಟಿಗೆಯಲ್ಲಿಟ್ಟು ನನ್ನ ಮಡಿಲಿಗೆ ಕೊಟ್ಟರು. ಚಂದ್ರಣ್ಣನೂ ಇದ್ದ. ಅವನಿಗೂ ತಮಾಷೆ ಹೊಳೆಯಲಿಲ್ಲ.

ಆಮೇಲೆ ಮಾವ ಮೆಲ್ಲಗೆ ಕೇಳಿದರು. "ಇನ್ನೀ ಸೀಸನ್ನಿಗೆ ಮೋಕ್ಷಿ ಆ ಚೈನಾದ್ರಲ್ಲೇ ಊದ್ಕಾ?"

ಆಲ್ಟೊ ಅವಳಿಗೆ ಕೊಡುತ್ತೀಯಾ ಎಂದು ಕೇಳುತ್ತಿದ್ದಾರೆ, ಗೊತ್ತಿತ್ತು. ಎಲ್ಲರೂ ನನ್ನನ್ನೇ ನೋಡಿದರು.

"ಅದ್ರಲ್ಲೇ ಊದ್ಲಿ," ಎಂದೆ.

ಪೆಟ್ಟಿಗೆ ಈಗ ನನ್ನ ಮಂಚದ ಅಡಿಯಲ್ಲಿದೆ.

ನವೆಂಬರ್ 23, ಶನಿವಾರ

ಎರಡನೇ ಆಪರೇಷನ್ ಆಯಿತು. ಎಡಗಡೆ. ಈ ಸಲ ಎರಡು ಸ್ಕ್ರೂ. ಯಂತ್ರ ಯಾವ ಸ್ವರ ಹಿಡಿಯಿತು ಎಂದು ಗಮನಿಸಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದೆ.

ಮೇಡಂ ಪ್ಲೇಟನ್ನು ತಮ್ಮ ಡ್ರಾವರಿನಲ್ಲಿ ಇಟ್ಟುಕೊಂಡರು. "ಇದು ಇಲ್ಲಿರಲಿ. ನಿಮ್ಮ ಮೇಲೆ ನಂಗೆ ನಂಬಿಕೆ ಇಲ್ಲ."

ನನಗೂ ಇಲ್ಲ.

ಡಿಸೆಂಬರ್ 1, ಭಾನುವಾರ. ಬೆಳಿಗ್ಗೆ 6.10

ಎಂಟನೇ ದಿನ. ಬಾವು ಇಳಿಯುತ್ತಿದೆ.

ಅರ್ಧ ನಿದ್ದೆಯಲ್ಲಿದ್ದೆ. ಅವಳು ಶುರು ಮಾಡಿದಳು, ಚೈನಾದ್ದರಲ್ಲಿ. ಅದರ ಕೆಳಗಿನ ಸ್ವರ ಯಾವಾಗಲೂ ಸ್ವಲ್ಪ ಒಡೆಯುತ್ತದೆ, ಅವಳು ಅದನ್ನು ತುಟಿಯಲ್ಲೇ ಸರಿ ಮಾಡುತ್ತಾಳೆ. ಎಚ್ಚರಾದಾಗ ನನ್ನ ಕೆನ್ನೆ ಬಿಗಿದಿತ್ತು. ತುಟಿ ಮಡಚಿ, ಬಾಯಿ ತುಂಬ ಗಾಳಿ ಹಿಡಿದು ಮಲಗಿದ್ದೆ. ಹೊಲಿಗೆ ಎಳೆಯುತ್ತಿತ್ತು.

ಎದ್ದು ಕೂತೆ. ಬಾಯಿ ತೆರೆದು ಗಾಳಿ ಬಿಟ್ಟೆ. ಬೆರಳಿಟ್ಟು ನೋಡಿದೆ. ರಕ್ತ ಇಲ್ಲ.

ಪ್ಲೇಟಿಲ್ಲ, ಮೌತ್‌ಪೀಸಿಲ್ಲ, ಎಚ್ಚರವೂ ಇಲ್ಲ, ಆದರೂ ಊದುತ್ತೇನೆ.

ಡಿಸೆಂಬರ್ 3

ಪೆಟ್ಟಿಗೆ ತೆರೆದೆ. ತುಳಸಿ ಪೂಜೆಯ ದಿನ ಮುಚ್ಚಿದ್ದು, ಇವತ್ತೇ ತೆರೆದದ್ದು. ಮೊನ್ನೆ ಸಂಜೆ ಅಕಾಲದ ಮಳೆ ಬಂದಿತ್ತು, ನನ್ನ ಕೋಣೆಗೆ ತೇವ. ತೂತು ಮುಚ್ಚುವ ಪ್ಯಾಡುಗಳ ಚರ್ಮದ ಮೇಲೆ ಬೂಷ್ಟು, ಎರಡು ಕೀ ಅಂಟಿಕೊಂಡು ಏಳುತ್ತಿಲ್ಲ. ಮಾವನ ಕೈಯಲ್ಲಿ ಮೂವತ್ತು ವರ್ಷ ಇದ್ದದ್ದು. ನನ್ನ ಹತ್ತಿರ ಮೂರು ವಾರ.

ಬಟ್ಟೆಯಿಂದ ಒಂದೊಂದೇ ಒರೆಸಿದೆ. ಬಿಸಿಲಿಗೆ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಕೀ ಎದ್ದಿತು.

ಎಷ್ಟು ಹೊತ್ತು ಕೂತಿದ್ದೆನೋ. ಒಳಗಿನ ಉರಿ ಕಡಿಮೆಯಾಗಲಿ, ಆಮೇಲೆ ಕೊಡೋಣ ಎಂದು ಕಾದೆ. ಕಡಿಮೆಯಾಗಲಿಲ್ಲ. ಅದು ಆಗುವುದಲ್ಲ ಎಂದು ಗೊತ್ತಾಯಿತು.

ಪೆಟ್ಟಿಗೆ ಎತ್ತಿಕೊಂಡು ಹೋದೆ. ಮಾವ ಜಗಲಿಯಲ್ಲಿದ್ದರು. ಮೋಕ್ಷಿತಾ ಕಾಲೇಜಿನಿಂದ ಆಗಷ್ಟೇ ಬಂದು ಅವಲಕ್ಕಿ ತಿನ್ನುತ್ತಿದ್ದಳು. ಅವಳ ಮುಂದೆ ಇಟ್ಟೆ.

"ಕೈ ತೊಳ್ಕೊಂಡ್ ಬಾ," ಎಂದೆ.

ಅವಳು ಪೆಟ್ಟಿಗೆ ನೋಡಿದಳು, ಅಪ್ಪನನ್ನು ನೋಡಿದಳು. ಮಾವ ಅಂಗಳದ ಕಡೆ ತಿರುಗಿದ್ದರು.

"ನಿಮ್ ಹಲ್ಲ್ ಬಪ್ಪಲ್ಲಿವರಿಗೆ ಇಟ್ಕಂತೆ ಬಾವ."

"ಹಾಂಗೆಲ್ಲ ದೊಡ್ ಮಾತ್ ಬ್ಯಾಡ. ಸಂತೋಷ್ದಲ್ಲ್ ಕೊಡುದಲ್ಲ ನಾನ್. ಹಲ್ಲ್ ಬಂದ್ ಮರ್ದಿನ ವಾಪಸ್ ಕೇಳ್ತೆ."

"ಕೇಳಿ," ಎಂದಳು. "ಕೊಡ್ತ್ನಾ ಇಲ್ಯಾ ಆವತ್ತ್ ಕಾಂಬ."

ನಕ್ಕಳು. ಹಲ್ಲು ಕಂಡಿತು. ಉರಿಯಿತು.

ಊದುವುದನ್ನು ಕೇಳಲು ನಿಲ್ಲಲಿಲ್ಲ. ಆದರೆ ಅಂಗಳ ಸಣ್ಣದು. ನಮ್ಮ ಬಾಗಿಲು ದಾಟುವುದರೊಳಗೆ ಮೊದಲ ಸ್ವರ ಬಂತು. ಮಾವನ ಕೈಯಲ್ಲಿದ್ದಾಗ ಅದಕ್ಕೆ ಸ್ವಲ್ಪ ಕೆಮ್ಮು ಇತ್ತು. ಈಗ ಇಲ್ಲ.

ಡಿಸೆಂಬರ್ 5

ಹೊಲಿಗೆ ತೆಗೆದರು. ಎಲುಬು ಗಟ್ಟಿ ಕೂತಿದೆ, ಈಗಿನ ಮಟ್ಟಿಗೆ. ಐದು ತಿಂಗಳು. ತಿಂಗಳಿಗೊಮ್ಮೆ ಬಂದು ತೋರಿಸಬೇಕು.

ಮೇಡಂ ಹತ್ತಿರವೇ ಕೇಳಿದೆ: ಊರು ಬಿಟ್ಟು ಹೋಗಬಹುದಾ? ಎಲ್ಲಿಗೆ ಎಂದರು. ಬೆಳಗಾವಿ. ದೊಡ್ಡಮ್ಮನ ಊರಿನ ಭೋಜರಾಜ ಶೆಟ್ಟರ ಹೋಟೆಲ್. ಕೌಂಟರಿನಲ್ಲಿ ಟೋಕನ್ ಕೊಡುವುದು. ಮಾಸ್ಕ್ ಹಾಕಿಕೊಂಡೇ ಮಾಡಬಹುದು.

"ಯಾಕೆ, ಇಲ್ಲಿ ಎಂತ ತೊಂದರೆ?"

"ಇಲ್ಲಿದ್ದರೆ ಊದ್ತೇನೆ."

ಮೇಡಂ ಚೀಟಿ ಬರೆದುಕೊಟ್ಟರು, ಅಲ್ಲಿನ ಯಾರಿಗಾದರೂ ತೋರಿಸಲು. ಈ ಸಲ ಅಡಿಗೆರೆ ಹಾಕಲಿಲ್ಲ.

ಅಮ್ಮ ಅತ್ತಳು. ಮಾವನಿಗೆ ಹೇಳಿದಾಗ, "ಹೋಯ್ ಬಾ. ಎಲುಬ್ ನಿಲ್ಲಲಿ," ಎಂದರು. ಚಂದ್ರಣ್ಣ ಮಾತ್ರ, "ಬ್ರಹ್ಮಾವರದ್ ಮದಿಗೆ ತಾಳ ಯಾರ್ ಹಿಡಿತ್ರಾ ಮಾರಾಯಾ? ನೀನ್ ತಪ್ಸುದ್ ಅಭ್ಯಾಸ ಆಯಿತ್ತ್ ನಂಗೆ," ಎಂದ.

ಡಿಸೆಂಬರ್ 6, ಶುಕ್ರವಾರ. ಸಂಜೆ 5.00

ಎರಡು ಪ್ಯಾಂಟು, ಐದು ಅಂಗಿ, ಔಷಧದ ಬಾಟಲಿ, ಮಾಸ್ಕ್. ಅಮ್ಮ ಗಂಜಿಯ ಕುಚ್ಚಲಕ್ಕಿ ಕಟ್ಟಿದ್ದಾಳೆ, ಅಲ್ಲಿಯದು ಬೇಯುವುದಿಲ್ಲ ಎಂದು.

ಆಚೆ ಮನೆಯಲ್ಲಿ ಭಾನುವಾರದ ಮದುವೆಗೆ ಅಭ್ಯಾಸ ನಡೆಯುತ್ತಿದೆ. ಮಾವ ಕೈಯಲ್ಲಿ ತಾಳ ಹಾಕುತ್ತಿದ್ದಾರೆ, ಕೇಳುತ್ತದೆ. ಅವಳು ಚೆನ್ನಾಗಿ ಊದುತ್ತಾಳೆ. ಇದನ್ನು ಇಷ್ಟು ನೇರವಾಗಿ ಇದುವರೆಗೆ ಬರೆದಿರಲಿಲ್ಲ. ಬರೆದದ್ದರಿಂದ ಹೊಟ್ಟೆಕಿಚ್ಚು ಹೋಗಲಿಲ್ಲ.

ನಾಳೆ ಬೆಳಿಗ್ಗೆ ಐದಕ್ಕೆ ಬಸ್ಸು. ಅವಳು ಶುರು ಮಾಡುವ ಮೊದಲೇ ಹೊರಡುತ್ತೇನೆ.